ಚರ್ಮ ಅರ್ಥವನ್ನು ಓದುವುದಿಲ್ಲ

ಮೊದಲ ಹಚ್ಚೆ ಹಾಕಿಸಿಕೊಳ್ಳಲು ಹೊರಟವರನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ. ಮಾತು ಶುರುವಾಗುವುದೇ ಅರ್ಥದಿಂದ. ಈ ಗೆರೆ ಅಮ್ಮನ ಎದೆಬಡಿತ, ಈ ಅರ್ಧವಿರಾಮ ನಾನು ಸೋಲದೆ ಉಳಿದದ್ದರ ಗುರುತು, ಈ ಹಕ್ಕಿ ನನ್ನ ಸ್ವಾತಂತ್ರ್ಯ. ಸುತ್ತಲಿನವರ ಬುದ್ಧಿವಾದವೂ ಅದೇ: ‘ಹಾಕಿಸಿಕೊಳ್ಳೋದಾದ್ರೆ ಅರ್ಥ ಇರೋದನ್ನ ಹಾಕಿಸ್ಕೊ, ಆಮೇಲೆ ಪಶ್ಚಾತ್ತಾಪ ಪಡಬೇಡ.’ ಪತ್ರಿಕೆಯ ಯುವ ಪುಟವೂ ಇದನ್ನೇ ಹೇಳುತ್ತದೆ, ಹಚ್ಚೆ ಹಾಕುವವರೂ ಇದನ್ನೇ ಹೇಳುತ್ತಾರೆ. ಆಳವಾದ ಅರ್ಥವಿರುವ ಚಿತ್ರವೊಂದು ಸಿಕ್ಕಿತೆಂದರೆ ಮೊದಲ ಹಚ್ಚೆಯ ಸಿದ್ಧತೆ ಮುಗಿಯಿತು, ಉಳಿದದ್ದು ಸೂಜಿ ಹಿಡಿದವರ ಪಾಡು ಎಂಬುದು ಈಗ ಎಲ್ಲರೂ ಒಪ್ಪಿಕೊಂಡ ಮಾತಾಗಿದೆ.

ಈ ಮಾತು ತಪ್ಪು. ತಪ್ಪಾದರೂ ಯಾರಿಗೂ ಕೇಡಿಲ್ಲ ಎನ್ನುವಂಥದ್ದೂ ಅಲ್ಲ. ಸಿದ್ಧತೆಗೆಂದು ಇರುವ ತಿಂಗಳುಗಳನ್ನೆಲ್ಲ ಅರ್ಥದ ಹುಡುಕಾಟವೇ ನುಂಗಿಬಿಡುತ್ತದೆ. ಸೂಜಿ, ಮಸಿ, ಕೈ, ಜಾಗ, ಗಾಯ ಇವುಗಳಿಗೆ ಕೊನೆಗೆ ಉಳಿಯುವುದು ಒಂದು ಸಂಜೆ.

ನನ್ನ ಅಕ್ಕನ ಮಗಳ ಕತೆ ಹೇಳುತ್ತೇನೆ. ಅವಳ ಅಪ್ಪ, ಅಂದರೆ ನಮ್ಮ ಭಾವ, ಹಾಸ್ಟೆಲಿಗೆ ಬರೆಯುತ್ತಿದ್ದ ಪ್ರತಿ ಪತ್ರವನ್ನೂ ‘ನಿಧಾನ’ ಎಂಬ ಒಂದೇ ಪದದಿಂದ ಮುಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪದವನ್ನು ಅವರದೇ ಕೈಬರಹದಲ್ಲಿ ಮಣಿಕಟ್ಟಿನ ಮೇಲೆ ಬರೆಸಿಕೊಳ್ಳಬೇಕೆಂದು ಅವಳು ತೀರ್ಮಾನಿಸಿದಳು. ಯಾವ ಪತ್ರದ ‘ನಿಧಾನ’ ಚೆನ್ನಾಗಿದೆ ಎಂದು ಆರಿಸಲು ಎಂಟು ತಿಂಗಳು ತೆಗೆದುಕೊಂಡಳು. ಅಂಗಡಿ ಆರಿಸಿದ್ದು ಗೆಳತಿಯರ ಜೊತೆ ಮೈಸೂರಿನಲ್ಲಿ ಸುತ್ತುತ್ತಿದ್ದ ಒಂದು ಸಂಜೆ. ಅಕ್ಷರ ಅಕ್ಕಿಕಾಳಿನಷ್ಟು ಎತ್ತರವಿದ್ದರೆ ನಾಜೂಕು ಎಂದಳು, ಅಂಗಡಿಯವರು ಆಗಲಿ ಎಂದರು. ಎರಡು ವರ್ಷಕ್ಕೆ ‘ಧ’ ಅಕ್ಷರದ ಸೀಳು ಮುಚ್ಚಿಹೋಗಿ ಅದು ‘ದ’ ಆಯಿತು. ಈಗ ಅವಳ ಮಣಿಕಟ್ಟಿನಲ್ಲಿರುವುದು ‘ನಿದಾನ’, ಆಯುರ್ವೇದದಲ್ಲಿ ರೋಗದ ಮೂಲವನ್ನು ಹೇಳುವ ಪದ. ಅಪ್ಪನ ಪ್ರೀತಿಯಲ್ಲಿ, ಮಗಳ ದುಃಖದಲ್ಲಿ, ಅರ್ಥದಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅಕ್ಷರದ ಅಳತೆಯಲ್ಲಿ. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಚರ್ಮ ಕಾಗದವಲ್ಲ. ಹಚ್ಚೆಯ ಮಸಿ ನಿಲ್ಲುವುದು ಮೇಲುಚರ್ಮದಲ್ಲಲ್ಲ, ಅದರ ಕೆಳಗಿನ ಪದರದಲ್ಲಿ, ಸುಮಾರು ಒಂದೆರಡು ಮಿಲಿಮೀಟರ್ ಆಳದಲ್ಲಿ. ಮೇಲುಚರ್ಮ ಸದಾ ಉದುರಿ ಹೊಸದಾಗುತ್ತಿರುತ್ತದೆ. ಮಸಿ ಅಲ್ಲಿಯೇ ನಿಂತಿದ್ದರೆ ಕೆಲವೇ ವಾರಗಳಲ್ಲಿ ಹೋಗಿಬಿಡುತ್ತಿತ್ತು. ಕೆಳಗಿಳಿದ ಮಸಿಯನ್ನು ದೇಹ ಹೊರಗಿನಿಂದ ಬಂದ ಕಸವೆಂದೇ ತಿಳಿದು, ಕಸ ನುಂಗುವ ಜೀವಕೋಶಗಳನ್ನು ಕಳಿಸುತ್ತದೆ. ಅವು ಮಸಿಯನ್ನು ನುಂಗುತ್ತವೆ, ಆದರೆ ಕರಗಿಸಲಾರವು. ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂರುತ್ತವೆ. ಅವು ಸತ್ತಾಗ ಚೆಲ್ಲಿದ ಮಸಿಯನ್ನು ಹೊಸ ಕೋಶಗಳು ಬಂದು ನುಂಗಿಕೊಳ್ಳುತ್ತವೆ ಎಂಬುದನ್ನು ಫ್ರಾನ್ಸಿನ ಮಾರ್ಸೇಯ ಸಂಶೋಧಕರು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ನಾವು ಶಾಶ್ವತವೆಂದು ಕರೆಯುವ ಗೆರೆ ಹೀಗೆ ಕೈಯಿಂದ ಕೈಗೆ ದಾಟುತ್ತ ಉಳಿದಿರುವ ಗೆರೆ. ಪ್ರತಿ ದಾಟುವಿಕೆಯಲ್ಲೂ ಅದು ಕೂದಲೆಳೆಯಷ್ಟು ಹರಡಬಹುದು. ಬಿಸಿಲು ಬಿದ್ದರೆ ಮಾಸುತ್ತದೆ, ಬೆರಳು ಅಂಗೈಗಳ ಮೇಲೆ ಬೇಗ ಅಳಿಸುತ್ತದೆ. ಈ ಕೆಲಸ ನಡೆಯುವಾಗ ಚರ್ಮ ನಿಮ್ಮ ಚಿತ್ರದ ಅರ್ಥವೇನೆಂದು ಕೇಳುವುದಿಲ್ಲ.

‘ಆದರೆ ನಮ್ಮ ಹಿರಿಯರ ಹಚ್ಚೆಗೆ ಅರ್ಥವಿತ್ತಲ್ಲ’ ಎನ್ನುವವರಿದ್ದಾರೆ. ನಾನು ಹಚ್ಚೆಯನ್ನು ಮೊದಲು ನೋಡಿದ್ದೇ ಅಜ್ಜಿಯ ಕೈಯಲ್ಲಿ. ಮುಂಗೈ ತುಂಬ ಹಸಿರು ಚುಕ್ಕೆ, ನಡುವೆ ತುಳಸಿಕಟ್ಟೆ, ಪಕ್ಕದಲ್ಲಿ ಒಂದು ಚೇಳು, ಗಲ್ಲದ ಮೇಲೆ ಒಂದೇ ಬೊಟ್ಟು. ಚೇಳು ಯಾಕಜ್ಜಿ ಎಂದರೆ, ‘ಹಚ್ಚೆಯವಳಿಗೆ ಚೇಳು ಚೆಂದ ಬರ್ತಿತ್ತು, ಹುಯ್ಯಿಸ್ಕೊಂಡೆ’ ಎಂದಿದ್ದಳು. ಅಷ್ಟೇ. ಊರಿಗೆ ಬರುತ್ತಿದ್ದ ಕೊರವ ಸಮುದಾಯದ ಹೆಂಗಸರಲ್ಲಿ ಯಾರ ಕೈ ಹಗುರ, ಯಾರು ಹುಯ್ದರೆ ಬಾವು ಬರುವುದಿಲ್ಲ, ಯಾರ ಚುಕ್ಕೆ ಇಪ್ಪತ್ತು ವರ್ಷವಾದರೂ ಒಡೆಯುವುದಿಲ್ಲ ಎಂಬುದು ಅಜ್ಜಿಗೆ ಗೊತ್ತಿತ್ತು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ನೋವು ಮರೆಸಲು ಹಾಡು ಹೇಳುತ್ತ, ಸೂಜಿಯ ಕಟ್ಟಿನಿಂದ ಚುಚ್ಚುತ್ತಿದ್ದ ಆ ಹೆಂಗಸರ ಕೂಲಿ ಅಕ್ಕಿ, ಎಲೆಯಡಿಕೆ, ಒಂದಿಷ್ಟು ಚಿಲ್ಲರೆ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಆ ಹೆಂಗಸರ ಈ ಕೆಲಸವನ್ನು ಗಮನಿಸಿ ಬರೆದಿದ್ದಾನೆ. ಸತ್ತಾಗ ಒಡವೆ ಮನೆಯಲ್ಲೇ ಉಳಿಯುತ್ತದೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಆ ನಂಬಿಕೆ ಚೇಳಿನದ್ದಾಗಲಿ ತುಳಸಿಕಟ್ಟೆಯದ್ದಾಗಲಿ ಆಗಿರಲಿಲ್ಲ, ಅವಳ ಮೈಯದ್ದಾಗಿತ್ತು. ಅರುವತ್ತು ವರ್ಷ ಆ ಕೈ ರಾಗಿ ಬೀಸಿತು, ಮಕ್ಕಳನ್ನು ಎತ್ತಿತು. ಅರ್ಥ ತುಂಬಿದ್ದು ಆ ಬದುಕು.

ಅಜ್ಜಿಯ ಕಾಲವನ್ನು ನಾನು ಬರೀ ಹೊಗಳಿ ಸುಮ್ಮನಾಗಲಾರೆ. ಅದೇ ಸೂಜಿಕಟ್ಟು ಇಡೀ ಕೇರಿಯ ಹೆಣ್ಣುಮಕ್ಕಳ ರಕ್ತ ಮುಟ್ಟುತ್ತಿತ್ತು. ಹತ್ತು ಹನ್ನೆರಡರ ಹುಡುಗಿಯನ್ನು ಹಿಡಿದು ಕೂರಿಸಿ ಹುಯ್ಯಿಸುತ್ತಿದ್ದರು, ಅವಳಿಗೆ ಬೇಕೋ ಬೇಡವೋ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಸೂಜಿಯನ್ನೂ ಆ ಬಲವಂತವನ್ನೂ ನಾವು ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಕೈ ನೋಡಿ ಆರಿಸುವ ವಿವೇಕವನ್ನೂ ಜೊತೆಗೆ ಬಿಟ್ಟೆವು. ಅದು ನಮಗಾದ ನಷ್ಟ.

ಜೀವನಪೂರ್ತಿ ಇರುವ ಗುರುತಿಗೆ ಅರ್ಥ ಬೇಡವೇ ಎಂಬುದು ಎದುರು ಪಕ್ಷದ ಬಲವಾದ ಪ್ರಶ್ನೆ. ಬೇಕೆನ್ನುವವರಿಗೆ ಇರಲಿ, ನನ್ನ ತಕರಾರು ಅರ್ಥದ ಮೇಲಲ್ಲ. ಅರ್ಥವೇ ಕಾವಲು ಕಾಯುತ್ತದೆ ಎಂಬ ನಂಬಿಕೆಯ ಮೇಲೆ. ಇಪ್ಪತ್ತರ ವಯಸ್ಸಿನಲ್ಲಿ ಆಳವೆನಿಸಿದ್ದು ನಲವತ್ತಕ್ಕೆ ಬೇರೆಯಾಗುತ್ತದೆ, ಆಗಲೇಬೇಕು. ಮನುಷ್ಯ ಬೆಳೆಯುವುದು ಹಾಗೆ. ಅರ್ಥ ಬದಲಾದ ಹಚ್ಚೆಯ ಜೊತೆ ಜನ ಬದುಕುತ್ತಾರೆ, ಹಳೆಯ ಫೋಟೊದ ಜೊತೆ ಬದುಕಿದಂತೆ. ನಾನು ಕಂಡಂತೆ ಜನ ತೋಳು ಮುಚ್ಚಿಕೊಂಡು ತಿರುಗುವುದು ಗೆರೆ ಒಡೆದಾಗ, ಅಕ್ಷರ ತಪ್ಪಾದಾಗ, ಗಾಯ ಗಂಟುಕಟ್ಟಿದಾಗ.

ನಮ್ಮ ಕನ್ನಡ ಅಕ್ಷರದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಬರೆಸಿಕೊಳ್ಳುವುದು ಈಗ ಅಭಿಮಾನದ ಸಂಗತಿಯಾಗಿದೆ. ಸಂತೋಷವೇ. ಆದರೆ ನಮ್ಮ ಲಿಪಿಯೆಲ್ಲ ದುಂಡಗೆ, ಒಳಗೆ ಪುಟ್ಟ ಪುಟ್ಟ ಬಯಲು. ಎಷ್ಟೋ ಮಹಾಪ್ರಾಣಗಳು ನಿಂತಿರುವುದು ಒಂದು ಸಣ್ಣ ಸೀಳಿನ ಮೇಲೆ. ‘ಧ’ ಮತ್ತು ‘ಥ’ಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ, ‘ರ’ ಮತ್ತು ‘ಠ’ಗಳ ನಡುವೆ ಇರುವುದೂ ಅದೇ. ‘ಪ’ದ ಹೊಟ್ಟೆಗೆ ಅಡ್ಡಗೆರೆ ಬಂದರೆ ‘ಷ’. ಮಸಿ ಅರ್ಧ ಮಿಲಿಮೀಟರ್ ಹರಡಿದರೂ ಇವೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒತ್ತಕ್ಷರವಂತೂ ಮೂಲಾಕ್ಷರಕ್ಕಿಂತ ಚಿಕ್ಕದು, ಮೊದಲು ಮುದ್ದೆಯಾಗುವುದೇ ಅದು. ‘ಮೊದಲ ಹಚ್ಚೆ ಚಿಕ್ಕದಾಗಿರಲಿ, ತೆಳ್ಳಗಿರಲಿ’ ಎಂಬ ಜನಪ್ರಿಯ ಸಲಹೆ ಕನ್ನಡ ಅಕ್ಷರಕ್ಕೆ ವಿಷ. ಒತ್ತಿರುವ ಪದವಾದರೆ ಅದಕ್ಕೆ ಮುಂಗೈ ಬೇಕು, ಎರಡು ಬೆರಳಗಲದ ಎತ್ತರ ಬೇಕು. ಅಷ್ಟು ಜಾಗ ಕೊಡಲು ಮನಸ್ಸಿಲ್ಲದಿದ್ದರೆ ಒಂದೇ ಅಕ್ಷರ ಬರೆಸಿಕೊಳ್ಳಿ.

ಇನ್ನೊಂದು ಅಪಾಯ ಕಂಪ್ಯೂಟರಿನದು. ಅಂಗಡಿಯಲ್ಲಿ ಪದವನ್ನು ಚಿತ್ರದ ತಂತ್ರಾಂಶಕ್ಕೆ ಹಾಕಿ, ಸ್ಟೆನ್ಸಿಲ್ ತೆಗೆದು ಕೈಗೆ ಒತ್ತುತ್ತಾರೆ. ಭಾರತೀಯ ಲಿಪಿಯ ವ್ಯವಸ್ಥೆ ಸರಿಯಾಗಿ ಹೊಂದಿಸದಿದ್ದರೆ ಆ ತಂತ್ರಾಂಶ ಒತ್ತನ್ನು ಕೆಳಗಿಳಿಸುವುದಿಲ್ಲ. ‘ಅಮ್ಮ’ ಎಂದು ಕೊಟ್ಟರೆ ‘ಅಮ್‌ಮ’ ಬರುತ್ತದೆ, ‘ಸೂರ್ಯ’ ಎಂದು ಕೊಟ್ಟರೆ ‘ಸೂರ್‌ಯ’. ಸೂಜಿ ಹಿಡಿದವರಿಗೆ ಕನ್ನಡ ಬಾರದಿದ್ದರೆ ಅವರಿಗೆ ಅದು ಬರೀ ಚಿತ್ರ, ಇದ್ದ ಹಾಗೆಯೇ ಚುಚ್ಚುತ್ತಾರೆ. ಅಮ್ಮನ ಮೇಲೆ ಎಷ್ಟೇ ಪ್ರೀತಿಯಿರಲಿ, ಸ್ಟೆನ್ಸಿಲನ್ನು ಅಕ್ಷರ ಅಕ್ಷರವಾಗಿ ಓದದವರ ಮೈಮೇಲೆ ಒಡೆದ ಅಮ್ಮ ಉಳಿಯುತ್ತಾಳೆ. ಪದವನ್ನು ಚೆನ್ನಾಗಿ ಬರೆಯುವವರಿಂದ ಕೈಯಲ್ಲೇ ಬರೆಸಿ ಒಯ್ಯಿರಿ. ಒತ್ತಿದ ಸ್ಟೆನ್ಸಿಲನ್ನು ಕನ್ನಡ ಓದುವ ಇನ್ನೊಬ್ಬರಿಂದಲೂ ಓದಿಸಿ. ಕನ್ನಡಿಯಲ್ಲಿ ನೋಡಿ ಒಪ್ಪಿಗೆ ಕೊಡಬೇಡಿ, ಕನ್ನಡಿ ತಿರುಗಿಸಿ ತೋರಿಸುತ್ತದೆ.

ಜಾಗದ ವಿಚಾರದಲ್ಲಿ ಬೆಳಗಾವಿ, ಧಾರವಾಡ, ಕೊಡಗಿನ ಹುಡುಗರಿಗೆ ನಾನು ಹೇಳುವುದು ಬೇರೆಯೇ ಇದೆ. ಸೇನೆಯ ರ‍್ಯಾಲಿಗೆ ಮೂರು ವರ್ಷ ಬೆಳಗಿನ ಜಾವ ಓಡಿದ ಹುಡುಗ ರಟ್ಟೆಯ ಮೇಲೆ ತ್ರಿಶೂಲವನ್ನೋ ಅವ್ವನ ಹೆಸರನ್ನೋ ಹಾಕಿಸಿಕೊಂಡು ಬಂದರೆ ವೈದ್ಯಕೀಯ ತಪಾಸಣೆಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಭೂಸೇನೆಯಲ್ಲಿ ಹಚ್ಚೆಗೆ ಅವಕಾಶವಿರುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮೈಯಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ. ಬುಡಕಟ್ಟುಗಳ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮ ಇನ್ನೂ ಬಿಗಿ: ಮುಂಗೈಯ ಒಳಮೈಯಾದರೆ ಸಲಾಮು ಹೊಡೆಯದ ಎಡಗೈಯೇ ಆಗಬೇಕು, ಹಚ್ಚೆ ಆ ಅಂಗದ ಕಾಲುಭಾಗಕ್ಕಿಂತ ಚಿಕ್ಕದಿರಬೇಕು. ಅವ್ವನ ಹೆಸರು ಅರ್ಥಪೂರ್ಣವೇ. ಅದನ್ನು ಒಂದು ಗೇಣು ಕೆಳಗೆ ಬರೆಸಿಕೊಂಡಿದ್ದರೆ ಹುಡುಗ ಆಯ್ಕೆಯಾಗುತ್ತಿದ್ದ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಎಷ್ಟೋ ಎದೆ ತೋಳುಗಳ ಮೇಲೆ ಅಪ್ಪುವಿನ ಮುಖ ಬಂತು. ಆ ದುಃಖವನ್ನು ಅಳೆಯುವ ಅಧಿಕಾರ ನನಗಿಲ್ಲ, ಆ ದಿನ ನಾನೂ ಅತ್ತವಳೇ. ಆದರೆ ಮನುಷ್ಯನ ಮುಖ ಹಚ್ಚೆಯಲ್ಲಿ ಅತಿ ಕಷ್ಟದ ಕೆಲಸ. ನೆರಳು ಬೆಳಕನ್ನು ಹದವಾಗಿ ಇಳಿಸಲು ವರ್ಷಗಟ್ಟಲೆ ಪಳಗಿದ ಕೈ ಬೇಕು, ಅಂಗೈಯಗಲದ ಜಾಗ ಬೇಕು. ತುಟಿಯ ಗೆರೆ ಒಂದು ನೂಲಿನಷ್ಟು ಓರೆಯಾದರೆ ಆ ನಗೆ ಬೇರೆಯವರದಾಗುತ್ತದೆ. ಪ್ರೀತಿಸಿದವರ ಮುಖ ಬೇಕೆನಿಸಿದರೆ ಒಂದು ವರ್ಷ ಕಾದು, ಅಂಥ ಕೈ ಹುಡುಕಿ. ಪ್ರೀತಿ ಒಂದು ವರ್ಷದಲ್ಲಿ ಆರುವುದಿಲ್ಲ.

ಇನ್ನು ಸೂಜಿ ಮತ್ತು ಮಸಿ. ಅರ್ಥದ ಮಾತು ಪೂರಾ ಮರೆಸಿಬಿಟ್ಟಿರುವುದು ಇದನ್ನೇ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಎಡಿಸನ್ನನ ವಿದ್ಯುತ್ ಲೇಖನಿಯ ತತ್ವವನ್ನು ಹಿಡಿದು ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಸೂಜಿ ಸೆಕೆಂಡಿಗೆ ಹತ್ತಾರು ಸಲ ಚರ್ಮ ತೂರುತ್ತದೆ. ಅಷ್ಟೂ ಸಲ ಅದು ಗಾಯ ಮಾಡುತ್ತದೆ, ರಕ್ತ ಮುಟ್ಟುತ್ತದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ, ಕನಿಷ್ಠ ಏಳು ದಿನ ಬದುಕಿರಬಲ್ಲದು. ಜಾತ್ರೆಯಲ್ಲಿ ಬ್ಯಾಟರಿ ಯಂತ್ರ ಹಿಡಿದು ಕೂತವರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅದೇ ಸೂಜಿ ಒಯ್ಯುವುದನ್ನೂ, ಅದೇ ಮಸಿಯ ಮುಚ್ಚಳಕ್ಕೆ ಎಲ್ಲರ ಸೂಜಿ ಅದ್ದುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಡೆಟಾಲಿನಲ್ಲಿ ಒರೆಸಿದರೆ, ಬಿಸಿನೀರಲ್ಲಿ ಅದ್ದಿದರೆ ಸೂಜಿ ಶುದ್ಧವಾಗುವುದಿಲ್ಲ. ಮತ್ತೆ ಬಳಸುವ ಉಪಕರಣ ಯಾವುದೇ ಆದರೂ ಒತ್ತಡದ ಉಗಿಯಲ್ಲಿ, ಆಟೋಕ್ಲೇವಿನಲ್ಲಿ, 121 ಡಿಗ್ರಿ ಸೆಲ್ಸಿಯಸ್ ಶಾಖ ಕಾಣಬೇಕು. ಸೂಜಿಯಂತೂ ಒಬ್ಬರಿಗೆ ಒಂದೇ, ಆಮೇಲೆ ಕಸಕ್ಕೆ.

ಹವಾನಿಯಂತ್ರಿತ ಕೋಣೆ, ಗೋಡೆಯ ಮೇಲೆ ಚಂದದ ಚಿತ್ರ ಇದ್ದ ಮಾತ್ರಕ್ಕೆ ಅಂಗಡಿ ಶುದ್ಧವೆಂದು ನಂಬಬೇಡಿ. ಅಮೆರಿಕದ ರಾಚೆಸ್ಟರಿನಲ್ಲಿ 2011ರ ಕೊನೆಗೆ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ಚರ್ಮದಲ್ಲಿ ಮೈಕೋಬ್ಯಾಕ್ಟೀರಿಯಂ ಸೋಂಕು ಕಾಣಿಸಿತು. ಸೋಂಕು ಬಂದದ್ದು ಮಸಿಯಿಂದ. ನೆರಳಿಗೆಂದು ಮೊದಲೇ ತೆಳುವಾಗಿಸಿ ಬಾಟಲಿಯಲ್ಲಿ ತುಂಬಿದ್ದ ಬೂದುಬಣ್ಣದ ಮಸಿ ಅದು. ನಮ್ಮಲ್ಲಿ ಕಪ್ಪು ಮಸಿಯನ್ನು ತೆಳುವಾಗಿಸಲು ನಲ್ಲಿಯ ನೀರೋ ಕ್ಯಾನಿನ ನೀರೋ ಬೆರೆಸುವುದಿದ್ದರೆ ಅದು ಅದೇ ಅಪಾಯಕ್ಕೆ ಬಾಗಿಲು. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿತು. ನಮ್ಮ ರಾಜ್ಯದಲ್ಲಿ 2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಪರೀಕ್ಷಿಸಿದ ಮಸಿಯ ಮಾದರಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸೇರಿ 22 ಲೋಹಗಳು ಕಂಡವೆಂದು ತಿಳಿಸಿ, ನಿಯಂತ್ರಣದ ಮಾತೆತ್ತಿದರು. ಈ ಸುದ್ದಿ ಓದಿದ ಮೇಲೂ ಹಚ್ಚೆಗೆ ಹೊರಟವರು ‘ಕಮಲ ಹಾಕಿಸ್ಕೊಳ್ಳಲೋ, ನವಿಲುಗರಿ ಹಾಕಿಸ್ಕೊಳ್ಳಲೋ’ ಎಂದು ಕೇಳುತ್ತಾರೆಯೇ ಹೊರತು ‘ಮಸಿ ಯಾವುದು, ಯಾವಾಗ ತಯಾರಾದದ್ದು’ ಎಂದು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಬೇಡವಾದರೆ ಲೇಸರ್ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು. ಲೇಸರ್ ಅಳಿಸುವ ರಬ್ಬರಲ್ಲ. ಮಸಿಯನ್ನು ಪುಡಿ ಮಾಡಿ ದೇಹಕ್ಕೆ ಒಪ್ಪಿಸುತ್ತದೆ, ಅದೂ ವಾರಗಟ್ಟಲೆ ಅಂತರದಲ್ಲಿ ಹಲವು ಸಲ. ನಮ್ಮಂಥ ಕಂದು ಚರ್ಮದ ಮೇಲೆ ಬಿಳಿಚಿದ ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಮೊದಲು ಕಪ್ಪು ಮೆಹಂದಿಯಲ್ಲಿ ಬರೆಸಿ ನೋಡು ಎಂಬ ಸಲಹೆ ಇನ್ನೂ ಕೆಟ್ಟದ್ದು. ಎಲೆಯ ಮೆಹಂದಿ ಕಪ್ಪಾಗುವುದಿಲ್ಲ. ಅದನ್ನು ಕಪ್ಪಾಗಿಸಲು ತಲೆಗೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಒಮ್ಮೆ ಅದಕ್ಕೆ ಮೈ ಸಿಡಿಮಿಡಿಗೊಂಡರೆ ಆ ಅಲರ್ಜಿ ಜೀವನಪೂರ್ತಿ ಉಳಿಯಬಹುದು. ಅಳತೆ ನೋಡಬೇಕೆಂದರೆ ಪೆನ್ನಿನಲ್ಲಿ ಬರೆದುಕೊಂಡು ಒಂದು ವಾರ ತಿರುಗಾಡಿ.

ಚಿತ್ರಕ್ಕಿಂತ ಮೊದಲು ನಿಮ್ಮ ಮೈಯನ್ನು ಕೇಳಿ. ಕಿವಿ ಚುಚ್ಚಿಸಿದ ಜಾಗ, ಹಳೆಯ ಆಪರೇಶನ್ನಿನ ಗೆರೆ ಗಂಟುಕಟ್ಟಿ ಉಬ್ಬಿದ್ದರೆ ಹಚ್ಚೆಯೂ ಹಾಗೆಯೇ ಉಬ್ಬಬಹುದು, ಅದರಲ್ಲೂ ಎದೆ ಮತ್ತು ಭುಜದ ಮೇಲೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರ ಮಾತು ಮೊದಲು. ಬಸುರಿಯರು ಮುಂದಕ್ಕೆ ಹಾಕಲಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಹಚ್ಚೆಯಾದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಮನೆಯಲ್ಲಿ ನಿಮ್ಮ ರಕ್ತದ ಗುಂಪು ಯಾರಿಗಾದರೂ ಆಗಾಗ ಬೇಕಾಗುವುದಾದರೆ ಅದನ್ನೂ ಯೋಚಿಸಿ. ಅಂದು ಹೊಟ್ಟೆ ತುಂಬ ಉಂಡು ಹೋಗಿ, ಖಾಲಿ ಹೊಟ್ಟೆಯವರೇ ತಲೆಸುತ್ತಿ ಬೀಳುವುದು. ಹಿಂದಿನ ರಾತ್ರಿ ಕುಡಿಯಬೇಡಿ.

ಆಮೇಲಿನ ಮೂರು ವಾರ ಅದು ಬರೀ ಗಾಯ. ಪ್ರೀತಿಯಿಂದಲೇ ಹಾಳು ಮಾಡುವವರು ಮನೆಯಲ್ಲಿರುತ್ತಾರೆ: ಅತ್ತೆ ಅರಿಶಿನ ಹಚ್ಚುತ್ತಾರೆ, ಚಿಕ್ಕಮ್ಮ ಕಾಯಿಸಿದ ಎಣ್ಣೆ. ಎರಡೂ ಬೇಡ. ಬರೀ ಸಾದಾ ಸೋಪು, ಶುದ್ಧ ನೀರು, ಹೇಳಿದ ಮುಲಾಮಿನ ತೆಳು ಲೇಪ. ಹಕ್ಕಳೆ ಕೀಳಬೇಡಿ, ಅದರ ಜೊತೆ ಮಸಿಯೂ ಬರುತ್ತದೆ. ಕೆರೆ, ಹೊಳೆ, ಈಜುಕೊಳ ಬೇಡ. ಮದುವೆ, ಗೃಹಪ್ರವೇಶ, ಶಬರಿಮಲೆ ಯಾತ್ರೆಯ ಮುನ್ನಾ ವಾರ ಹಚ್ಚೆಗೆ ದಿನ ಗೊತ್ತು ಮಾಡಬೇಡಿ. ಕೆಂಪು ಹರಡುತ್ತಿದ್ದರೆ, ಕೀವು ಕಂಡರೆ, ಜ್ವರ ಬಂದರೆ ಅಂಗಡಿಗೆ ಫೋನು ಮಾಡುತ್ತ ಕೂರದೆ ಅದೇ ದಿನ ಚರ್ಮದ ವೈದ್ಯರ ಬಳಿ ಹೋಗಿ.

ಮೊದಲ ಹಚ್ಚೆಗೆ ಹೊರಟವರಲ್ಲಿ ನನ್ನ ವಿನಂತಿ ಇಷ್ಟು. ಮುಂಗಡ ಕೊಡುವ ಮೊದಲು ಆ ಅಂಗಡಿಯಲ್ಲಿ ಒಂದು ಗಂಟೆ ಸುಮ್ಮನೆ ಕೂತು ಇನ್ನೊಬ್ಬರಿಗೆ ಹಾಕುವುದನ್ನು ನೋಡಿ. ಕೈಗವಸು ಹಾಕಿದ ಕೈಯಿಂದಲೇ ಫೋನು ಮುಟ್ಟುತ್ತಾರೆಯೇ ಗಮನಿಸಿ. ನಿನ್ನೆ ಮೊನ್ನೆ ಹಾಕಿದ, ಮಿರುಗುವ ಹಚ್ಚೆಯ ಫೋಟೊ ಬೇಡ. ಎರಡು ವರ್ಷ ಹಳೆಯ, ಆರಿದ ಹಚ್ಚೆ ತೋರಿಸಿ ಎಂದು ಕೇಳಿ. ನಿಮ್ಮ ಸರದಿ ಬಂದಾಗ ಮುಚ್ಚಿದ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಲಿ, ಮಸಿಯನ್ನು ಹೊಸ ಬಟ್ಟಲಿಗೆ ಸುರಿಯಲಿ. ಒಡೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.